ಸೀರಿಯಲ್ ಜೋಡಿಗೆ ಕೊಡವ ಮದುವೆ: ಓದುಗರು ಸಿಟ್ಟಾಗಿದ್ದು ಯಾಕೆ?

ಸೀರಿಯಲ್ ಜೋಡಿಗೆ ಕೊಡವ ಮದುವೆ ಮಾಡಿಸಿ ನೀವು ಬರೆದ ಫ್ಯಾನ್ ಕಥೆಗೆ ಮಡಿಕೇರಿ ಓದುಗರು ಯಾಕೆ ಸಿಟ್ಟಾದರು ಎಂದು ಕೇಳಿದ್ದೀರಿ. ಕಥೆಯಲ್ಲಿ ಇಬ್ಬರಿಗೂ ಒಂದೇ ಮನೆತನದ ಹೆಸರು ಕೊಟ್ಟಿದ್ದೀರಲ್ಲ, ಅವರ ಸಿಟ್ಟಿಗೆ ಅದೇ ಕಾರಣ ಇರಬೇಕು. ನೀವು ತೋರಿಸಿರುವುದು ಮದುವೆ ಭಾಗ ಮಾತ್ರ, ಬೇರೆ ಕಡೆ ಇನ್ನೇನಾದರೂ ಇದೆಯೋ ಹೇಳಲಾರೆ. ಆದರೆ ಕೊಡವರಲ್ಲಿ ಒಂದೇ ಒಕ್ಕದ, ಅಂದರೆ ಒಂದೇ ಮನೆತನದ, ಹುಡುಗ ಹುಡುಗಿ ಅಣ್ಣ ತಂಗಿ ಲೆಕ್ಕ. ನೀವು ಎಷ್ಟೇ ಪ್ರೀತಿಯಿಂದ ಶಿಪ್ ಮಾಡಿದರೂ (ಜೋಡಿಯಾಗಲಿ ಎಂದು ಹಾರೈಸಿದರೂ) ಅಲ್ಲಿಗೆ ಕಥೆ ಮುಗಿಯಿತು ಅಲ್ವಾ!

ಮೊದಲು ಹುಡುಗಿಯ ಒಕ್ಕದ ಹೆಸರು ಬದಲಿಸಿ. ಕಲ್ಪಿಸಿದ ಹೆಸರೇ ಇರಲಿ, ನಿಜವಾದ ಮನೆತನವನ್ನು ಎಳೆದು ತರಬೇಡಿ.

ಆಮೇಲೆ ಪುರೋಹಿತರನ್ನೂ ಸಪ್ತಪದಿಯನ್ನೂ ತೆಗೆಯಿರಿ. ಕೊಡವ ಮದುವೆ ಪುರೋಹಿತರಿಲ್ಲದೆ ನಡೆಯುತ್ತದೆ. ಮುಕ್ಕಾಲಿ (ಮೂರು ಕಾಲಿನ ಪೀಠ) ಮೇಲೆ ಕೂತ ವಧೂವರರಿಗೆ ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಕಿಂಡಿಯಿಂದ (ಕೊಳವೆ ಮೂತಿಯ ಪಾತ್ರೆ) ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಾರೆ. ವರನಿಗೆ ಶೇರ್ವಾನಿ ಬೇಡ. ಬಿಳಿ ಕುಪ್ಯ ಎಂಬ ನಿಲುವಂಗಿ, ಸೊಂಟಕ್ಕೆ ಚೇಲೆ ಎಂಬ ಕೆಂಪು ಪಟ್ಟಿ, ಅದರಲ್ಲಿ ಪೀಚೆಕತ್ತಿ ಎಂಬ ಕಿರುಗತ್ತಿ. ವಧುವಿನ ಸೀರೆಯ ನೆರಿಗೆ ಹಿಂದೆ.

ಹನಿಮೂನ್ ದೃಶ್ಯಕ್ಕೆ ಮೊದಲು ಗಂಗಾಪೂಜೆ ಸೇರಿಸಿ. ವಧು ಬಾವಿಯಿಂದ ತುಂಬಿದ ಬಿಂದಿಗೆ ತಲೆ ಮೇಲೆ ಹೊತ್ತು ಬರುವಾಗ ವರನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಕಟ್ಟುತ್ತಾರೆ. ಬೇಗ ಬಿಡುವುದಿಲ್ಲ. ಅವಳು ಭಾರ ಹೊತ್ತು ನಿಂತಿದ್ದಾಳೆ, ಅವನು ಚಡಪಡಿಸುತ್ತಿದ್ದಾನೆ. ಅಭಿಮಾನಿಗಳಿಗೆ ಬೇಕಾದ ಕಾತರ ಅಲ್ಲೇ ಇದೆ, ಸುಮ್ನೆ ಕಣ್ಣೋಟದಲ್ಲೇ ಎರಡು ಪುಟ ಎಳೆಯಬೇಕಿಲ್ಲ.

ಒಕ್ಕದ ಹೆಸರನ್ನಂತೂ ಇವತ್ತೇ ಸರಿಮಾಡಿ, ಉಳಿದದ್ದು ಮುಂದಿನ ಕಂತಿನೊಳಗೆ ಆದರೂ ಸಾಕು.