ಮರು: ವೆದರಾಲ್ ವೈದ್ಯರೋ, ಲ್ಯಾಬ್ ವಿಜ್ಞಾನಿಯೋ?

ಡೇವಿಡ್ ವೆದರಾಲ್ ವೈದ್ಯರೋ ಲ್ಯಾಬ್ ವಿಜ್ಞಾನಿಯೋ, ಥಲಸ್ಸೀಮಿಯಾದಲ್ಲಿ (ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ಅವರು ಹೊಸದಾಗಿ ಕಂಡದ್ದೇನು ಅಂತ ಕೇಳಿದ್ದೀರಿ. ಎರಡೂ ಹೌದು, ಆದರೆ ಶುರುವಾದದ್ದು ವಾರ್ಡಿನಲ್ಲಿ. 1950ರ ದಶಕದ ಕೊನೆಗೆ ಕಡ್ಡಾಯ ಸೇನಾ ಸೇವೆಗೆಂದು ಸಿಂಗಪುರಕ್ಕೆ ಹೋಗಿದ್ದಾಗ ಒಬ್ಬ ಗೂರ್ಖಾ ಸೈನಿಕನ ಪುಟ್ಟ ಮಗಳಿಗೆ ಚಿಕಿತ್ಸೆ ಕೊಡಬೇಕಾಯಿತು. ಪದೇ ಪದೇ ರಕ್ತ ಕೊಟ್ಟರಷ್ಟೇ ಮಗು ಉಳಿಯುತ್ತಿತ್ತು. ಅವಳಿಗಿದ್ದದ್ದು ಥಲಸ್ಸೀಮಿಯಾ.

ನನ್ನ ಪ್ರಕಾರ ಅವರ ಅಸಲಿ ಕೆಲಸ 1965ರದು. ಜಾನ್ ಕ್ಲೆಗ್ ಮುಂತಾದವರ ಜೊತೆ ಸೇರಿ, ಎಳೆಯ ಕೆಂಪು ರಕ್ತಕಣಗಳಿಗೆ ಗುರುತಿಗೆಂದು ವಿಕಿರಣಶೀಲ ಅಮೈನೋ ಆಮ್ಲ (ಪ್ರೋಟೀನಿನ ಇಟ್ಟಿಗೆ) ಉಣಿಸಿ, ಹಿಮೋಗ್ಲೋಬಿನ್ನಿನಲ್ಲಿ ಜೋಡಿಯಾಗುವ ಎರಡು ಬಗೆಯ ಪ್ರೋಟೀನ್ ಸರಪಳಿಗಳಲ್ಲಿ ಆಲ್ಫಾ ಎಷ್ಟು, ಬೀಟಾ ಎಷ್ಟು ತಯಾರಾಗುತ್ತದೆ ಅಂತ ಬೇರೆಬೇರೆಯಾಗಿ ಅಳೆದರು. ಬೀಟಾ ಥಲಸ್ಸೀಮಿಯಾದಲ್ಲಿ ಬೀಟಾ ಸರಪಳಿ ಕಮ್ಮಿಯಾಗುವುದಷ್ಟೇ ತೊಂದರೆಯಲ್ಲ. ಜೋಡಿ ಸಿಗದೆ ಮಿಕ್ಕ ಆಲ್ಫಾ ಸರಪಳಿಗಳು ಕಣದೊಳಗೆ ಗರಣೆಗಟ್ಟಿ, ಅದನ್ನು ಅಸ್ಥಿಮಜ್ಜೆಯಲ್ಲೇ ಸಾಯಿಸುತ್ತವೆ. ತಮಾಷೆ ಏನೆಂದರೆ, ಇದರ ಜೊತೆಗೆ ಆಲ್ಫಾ ಜೀನೂ ಕೆಟ್ಟಿದ್ದರೆ ಕಾಯಿಲೆ ಸಾಮಾನ್ಯವಾಗಿ ಹಗುರವಾಗುತ್ತದೆ! ಮಿಗುವ ಆಲ್ಫಾನೇ ಕಮ್ಮಿ ನೋಡಿ.

ಆಕ್ಸ್‌ಫರ್ಡಿನಲ್ಲಿ 1989ರಲ್ಲಿ ಅವರು ಕಟ್ಟಿದ ಆಣ್ವಿಕ ವೈದ್ಯಶಾಸ್ತ್ರದ ಸಂಸ್ಥೆಗೆ ಈಗ ಅವರದೇ ಹೆಸರಿದೆ. ಅಲ್ಲೂ ವೈದ್ಯರು, ಲ್ಯಾಬಿನವರು ಒಂದೇ ಸೂರಿನಡಿ.