ಬೀರುವಿನಲ್ಲಿರುವ ಆಧಾರ್ ಕಾರ್ಡುಗಳು

ಪತ್ರ: ಹಿಂದಿನ ಸಂಚಿಕೆಯಲ್ಲಿ ಹೌಸ್‌ಕೀಪಿಂಗ್ ಏಜೆನ್ಸಿಗಳ ಕೆಲಸವನ್ನು ‘ಜೀತ’ ಎಂದು ಬರೆದಿದ್ದೀರಿ. ಓದಿ ಬೇಜಾರಾಯಿತು. ಹನ್ನೊಂದು ವರ್ಷದಿಂದ ನಾನು ಇದೇ ವ್ಯವಹಾರದಲ್ಲಿದ್ದೇನೆ. 38 ಜನ ಕೆಲಸಕ್ಕಿದ್ದಾರೆ. ಯಾರನ್ನೂ ಕಟ್ಟಿಹಾಕಿಲ್ಲ. ಊರಿಂದ ಬರುವಾಗ ಅವರೇ ಅಡ್ವಾನ್ಸ್ ಕೇಳುತ್ತಾರೆ. ಓಡಿಹೋಗದಿರಲಿ ಅಂತ ಆಧಾರ್ ಕಾರ್ಡು ನಮ್ಮ ಬೀರುವಿನಲ್ಲಿ ಇಟ್ಟಿರುತ್ತೇವೆ, ಒಂದು ತಿಂಗಳ ಸಂಬಳ ಹಿಡಿದಿರುತ್ತೇವೆ. ಎಲ್ಲರೂ ಮಾಡುವುದೇ. ಅಪಾರ್ಟ್‌ಮೆಂಟಿನವರು ಕಡಿಮೆ ರೇಟ್ ಹೇಳಿದವರಿಗೇ ಕೆಲಸ ಕೊಡುತ್ತಾರೆ. ಇದು ಜೀತ ಹೇಗಾಗುತ್ತದೆ? ಹೆಸರು ಹಾಕಬೇಡಿ.
– ಒಬ್ಬ ಓದುಗ, ವಿಜಯನಗರ, ಬೆಂಗಳೂರು

ಉತ್ತರ: ಮಾನ್ಯರೇ, ಬೀರುವಿನ ವಿಷಯ ನೀವಾಗೇ ಬರೆದಿದ್ದೀರಿ. ಮುಚ್ಚಿಡಬಹುದಿತ್ತು, ಇಡಲಿಲ್ಲ. ಅದಕ್ಕೇ ನಿಮ್ಮ ಪತ್ರ ಆರಿಸಿಕೊಂಡೆ. ನಿಮ್ಮ ಕಷ್ಟವೂ ಸುಳ್ಳಲ್ಲ. ಏಳನೇ ತಾರೀಖಿನೊಳಗೆ ಬಟವಾಡೆ ಆಗಬೇಕು, ಬಿಲ್ಲಿನ ದುಡ್ಡು ಕೈಗೆ ಬರುವುದು ಎರಡು ತಿಂಗಳಿಗೆ. ಅದು ಬರುವ ಮೊದಲೇ ಶೇ 18ರ ಜಿಎಸ್‌ಟಿ ಕಟ್ಟಬೇಕು. ಒಪ್ಪಿದೆ. ಆದರೆ ಜೀತ ಎಂಬ ಮಾತನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ.

ನಾನು ಜೀತ ನೋಡಿ ಬೆಳೆದವನು. ನಮ್ಮ ತಾತನ ಮನೆಯಲ್ಲೇ ಇತ್ತು. ಮಗಳ ಮದುವೆಗೆ ಮುನ್ನೂರು ರೂಪಾಯಿ ತೆಗೆದುಕೊಂಡಿದ್ದ ಒಬ್ಬರು ನಮ್ಮ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷ ದುಡಿದರು. ಅವರನ್ನೂ ಯಾರೂ ಕಟ್ಟಿಹಾಕಿರಲಿಲ್ಲ. ಸಂತೆಗೆ ಹೋಗುತ್ತಿದ್ದರು, ಜಾತ್ರೆಗೆ ಹೋಗುತ್ತಿದ್ದರು, ಕತ್ತಲಾಗುವಷ್ಟರಲ್ಲಿ ವಾಪಸ್ ಬರುತ್ತಿದ್ದರು. ತಾತನ ಪೆಟ್ಟಿಗೆಯಲ್ಲಿ ಒಂದು ಕಾಗದ ಇತ್ತು, ಅದರ ಮೇಲೆ ಅವರ ಹೆಬ್ಬೆಟ್ಟು. ಅಷ್ಟೇ ಸಾಕಾಗಿತ್ತು. 1975ರ ಅಕ್ಟೋಬರ್‌ನಲ್ಲಿ ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಬಂತು, ಮರುವರ್ಷ ಕಾಯ್ದೆ ಆಯಿತು. ಒಂದು ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು ‘ನನ್ ಕಾಗ್ದ ಕೊಡಿ ಬುದ್ಧಿ’ ಅಂದರು. ತಾತ ಕೊಡಲಿಲ್ಲ. ಅವರು ಕಾಗದ ಬಿಟ್ಟೇ ಹೊರಟುಹೋದರು. ಸಾಲವೇ ರದ್ದಾಗಿದೆ, ಆ ಕಾಗದಕ್ಕೆ ಬೆಲೆ ಇಲ್ಲ ಅಂತ ತಾತನಿಗೂ ಗೊತ್ತಿತ್ತು. ಆದರೂ ಸಾಯುವವರೆಗೆ ಪೆಟ್ಟಿಗೆಗೆ ಬೀಗ ಹಾಕಿಯೇ ಇಟ್ಟಿದ್ದರು.

ಆ ಪೆಟ್ಟಿಗೆಗೂ ನಿಮ್ಮ ಬೀರುವಿಗೂ ಏನು ವ್ಯತ್ಯಾಸ, ನೀವೇ ಹೇಳಿ.

1976ರ ಕಾಯ್ದೆ ಸರಪಳಿ ಎಲ್ಲಿ ಅಂತ ಕೇಳುವುದಿಲ್ಲ. ಮುಂಗಡ ಕೊಟ್ಟು, ಬೇರೆ ಕಡೆ ದುಡಿಯಲು ಹೋಗದಂತೆ ಮಾಡಿದರೆ ಸಾಕು, ಅದು ಜೀತ. ಇದು ಜೀತದ ಸಾಲ ಅಲ್ಲ ಎಂದು ಸಾಬೀತು ಮಾಡಬೇಕಾದವರೂ ಸಾಲ ಕೊಟ್ಟವರೇ. ‘ಅವರೇ ಒಪ್ಪಿ ಬರುತ್ತಾರೆ’ ಅಂತೀರಿ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡಗಳಲ್ಲಿ ದುಡಿದ ಕೂಲಿಯವರ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವರೂ ಒಪ್ಪಿಯೇ ಬಂದವರು. ಹಸಿವಿಗೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ, ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಅದೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ತೀರ್ಪು ಬರೆದರು. ಹೊಟ್ಟೆ ಮಾಡುವ ಬಲವಂತವೂ ಬಲವಂತವೇ ಅಲ್ವಾ?

ನಮ್ಮ ಕಚೇರಿ ಇರುವ ಕಟ್ಟಡದ ಮೆಟ್ಟಿಲು ಒರೆಸುವ ಅಕ್ಕ ಒಬ್ಬರಿದ್ದಾರೆ. ಯಾದಗಿರಿ ಕಡೆಯವರು. ಹೋದ ವರ್ಷ ಸಂಬಳದ ಚೀಟಿ ತಂದು ‘ಓದಿ ಹೇಳ್ರಿ’ ಅಂದರು. ಇಂಗ್ಲಿಷಿನಲ್ಲಿತ್ತು. ಯೂನಿಫಾರ್ಮಿಗೆ 900, ರೂಮಿಗೆ 1,500, ಅಡ್ವಾನ್ಸಿಗೆ 2,000. ಜ್ವರ ಬಂದು ಒಂದು ದಿನ ಮಲಗಿದ್ದಕ್ಕೆ ಎರಡು ದಿನದ ಸಂಬಳ ಕಟ್. ಪಿಎಫ್ ಅಂತ ದುಡ್ಡು ಹಿಡಿದಿದ್ದರು, ಪಿಎಫ್ ಖಾತೆಯ ಗುರುತಾದ ಯುಎಎನ್ ನಂಬರಿನ ಜಾಗ ಮಾತ್ರ ಖಾಲಿ. ಆ್ಯಸಿಡ್ ಹಾಕಿ ಟಾಯ್ಲೆಟ್ ತೊಳೆದು ಅವರ ಬೆರಳ ತುದಿಗಳು ಸುಲಿದಿದ್ದವು. ಎಟಿಎಂ ಕಾರ್ಡ್ ಎಲ್ಲಿ ಅಂದೆ. ‘ಸೂಪರ್‌ವೈಸರ್ ಬಲ್ಲಿ ಅದರಿ.’ ಹಾಗಾದರೆ ಕೆಲಸ ಬಿಟ್ಟುಬಿಡಿ ಅಂದೆ. ‘ಕಾರ್ಡ್ ಅವ್ರ ಬಲ್ಲಿ, ಪಗಾರ ಅವ್ರ ಬಲ್ಲಿ. ಹ್ಯಾಂಗ ಬಿಡ್ಲಿರಿ?’ ಅಂದರು. ಕಟ್ಟಡದ ಮಾಲೀಕರ ಹತ್ತಿರ ಜಗಳ ಆಡಿ ಆ ಕಾರ್ಡು ವಾಪಸ್ ಕೊಡಿಸಲು ನಮಗೆ ಮೂರು ವಾರ ಹಿಡಿಯಿತು.

ಇನ್ನು ಕಡಿಮೆ ರೇಟಿನ ಮಾತು. ಇಲ್ಲಿ ನನ್ನ ಸಿಟ್ಟು ನಿಮ್ಮ ಮೇಲೆ ಕಡಿಮೆ, ನಮ್ಮಂಥ ಅಪಾರ್ಟ್‌ಮೆಂಟಿನವರ ಮೇಲೆ ಜಾಸ್ತಿ. ಲೆಕ್ಕ ಕಷ್ಟದ್ದೇನಲ್ಲ. ಕನಿಷ್ಠ ಕೂಲಿ, ಅದರ ಮೇಲೆ ಮಾಲೀಕರ ಪಾಲಿನ ಪಿಎಫ್ ಶೇ 12, ಇಎಸ್‌ಐ ಶೇ 3.25, ಬೋನಸ್ ಶೇ 8.33, ವಾರದ ರಜೆಗೆ ಬದಲಿ ಆಳು, ಫಿನಾಯಿಲು, ಮಾಪು. ಕೂಡಿಸಿ ನೋಡಿ. ಅದಕ್ಕಿಂತ ಕೆಳಗಿನ ಕೊಟೇಶನ್‌ಗೆ ಸಹಿ ಹಾಕುವಾಗ ಉಳಿದದ್ದು ಯಾರ ಹೊಟ್ಟೆಯಿಂದ ಬರುತ್ತದೆ ಅಂತ ಸಮಿತಿಯವರಿಗೆ ಗೊತ್ತಿರುವುದಿಲ್ಲವೇ? ಕ್ಲಬ್‌ಹೌಸಿಗೆ ಹೊಸ ಸೋಫಾ ಅಂದರೆ ಎಲ್ಲರೂ ಕೈ ಎತ್ತುತ್ತಾರೆ. ಕಸ ಗುಡಿಸುವವರಿಗೆ ಅಂತ ಮೇಂಟೆನೆನ್ಸ್ ಇನ್ನೂರು ರೂಪಾಯಿ ಏರಿಸೋಣ ಅಂದರೆ, ಸಭೆ ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ. ‘ಏಜೆನ್ಸಿಗೆ ಕೊಟ್ಟಾಯ್ತು, ನಮಗೇನು’ ಅನ್ನುವಂತೆಯೂ ಇಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕು ಎಂಬ ಮಾತು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು.

ಅದೇ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಸಂಜೆ ನಿಂತು ನೋಡಿ. ಬೆಳಗ್ಗೆಯಿಂದ ನೆಲ ಒರೆಸಿದ ಹೆಂಗಸರು ಸಾಲಾಗಿ ನಿಂತು ಬ್ಯಾಗ್ ಬಿಚ್ಚಿ ತೋರಿಸುತ್ತಿರುತ್ತಾರೆ. ಖಾಲಿ ಟಿಫಿನ್ ಡಬ್ಬಿಯನ್ನೂ ತೆಗೆಸುತ್ತಾರೆ. ಹನ್ನೆರಡನೇ ಶತಮಾನದ ಶರಣೆ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದು. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಹೇಳಿದವರು ಅವರು. ಗುಡಿಸುವವರಿಗೆ ಅಂಥ ಗೌರವ ಕೊಟ್ಟ ನಾಡು ಇದು. ಇಲ್ಲಿ ಈಗ ಅವರಿಗೆ ಊಟಕ್ಕೆ ಕೂರಲು ಬೇಸ್‌ಮೆಂಟಿನ ಮೂಲೆ, ಹತ್ತಲು ಸರ್ವಿಸ್ ಲಿಫ್ಟು. ಬೀದಿ ಗುಡಿಸುವ ಪೌರಕಾರ್ಮಿಕರಾದರೂ 2022ರಲ್ಲಿ ಮುಷ್ಕರ ಕೂತು ಹೋರಾಡಿದರು. 2025ರ ಮೇ ದಿನದಂದು ಅವರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ಆದೇಶ ಸಿಕ್ಕಿತು. ಕಟ್ಟಡದ ಒಳಗೆ ಗುಡಿಸುವವರು ಇವತ್ತು ಈ ಏಜೆನ್ಸಿ, ನಾಳೆ ಇನ್ನೊಂದು. ಒಟ್ಟಿಗೆ ಕೂತು ಮಾತಾಡಲೂ ಅವರಿಗೆ ಜಾಗ ಇಲ್ಲ.

ನೀವು ಏನು ಮಾಡಬಹುದು? ಅಡ್ವಾನ್ಸ್ ಕೊಡಿ, ಕೊಡಬೇಡಿ ಅನ್ನುವುದಿಲ್ಲ. ಬರೆದು ಕೊಡಿ. ಆದರೆ ಅದು ತೀರುವವರೆಗೆ ಹೋಗುವ ಹಾಗಿಲ್ಲ ಅನ್ನಬೇಡಿ. ಜನ ಕರೆತಂದ ಮೇಸ್ತ್ರಿಯ ಕಮಿಷನ್ ನೀವೇ ಕೊಡಿ, ಅವರ ಮೊದಲ ಸಂಬಳದಲ್ಲಿ ಮುರಿಯಬೇಡಿ. ಎಟಿಎಂ ಕಾರ್ಡು ಅವರವರ ಕೈಯಲ್ಲೇ ಇರಲಿ. ಚೀಟಿ ಅವರಿಗೆ ಓದಲು ಬರುವ ಭಾಷೆಯಲ್ಲಿರಲಿ. ಐಡಿ ಕಾರ್ಡಿನ ಹಿಂದೆ ಉಚಿತ ಕಾನೂನು ನೆರವಿನ 15100 ನಂಬರ್ ಅಚ್ಚು ಹಾಕಿಸಿ. ಕೊಟೇಶನ್‌ನಲ್ಲಿ ಕೂಲಿ ಬೇರೆ, ನಿಮ್ಮ ಕಮಿಷನ್ ಬೇರೆ ತೋರಿಸಿ. ಆಗ ರೇಟ್ ಇಳಿಸಿ ಅನ್ನುವವರು ಯಾವುದನ್ನು ಇಳಿಸಬೇಕು ಅಂತ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಸಂಬಳ ಹಿಡಿದಿಡುವುದಂತೂ ಇನ್ನು ಬೇಡವೇ ಬೇಡ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ ಪ್ರಕಾರ ಕೆಲಸ ಬಿಟ್ಟವರ ಲೆಕ್ಕ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು.

ಕಾರ್ಡು ಕೊಟ್ಟರೆ ಓಡಿಹೋಗುತ್ತಾರೆ ಎಂಬುದು ನಿಮ್ಮ ಭಯ. ಮುಂದಿನ ಬಟವಾಡೆ ದಿನ ಬೀರು ತೆಗೆದು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, 38 ಕಾರ್ಡನ್ನೂ ಕೈಗೆ ಕೊಟ್ಟುಬಿಡಿ. ಹಿಡಿದಿರುವ ತಿಂಗಳ ಸಂಬಳವನ್ನೂ ಜೊತೆಗೇ ಕೊಡಿ. ಮರುದಿನ ಬೆಳಿಗ್ಗೆ ಎಷ್ಟು ಜನ ಕೆಲಸಕ್ಕೆ ಬಂದರು ಅಂತ ನನಗೆ ಬರೆಯಿರಿ. ಇದೇ ಪುಟದಲ್ಲಿ ಹಾಕುತ್ತೇವೆ, ಈ ಸಲ ನಿಮ್ಮ ಹೆಸರಿನ ಜೊತೆ.