ಕ್ಯಾಥೊಲಿಕರು ಜಾಸ್ತಿಯಾದರೆ ಐರ್ಲೆಂಡ್ ತಾನಾಗಿಯೇ ಒಂದಾಗುತ್ತದಾ?

ನೀವು ಕೇಳಿರುವುದು ಇಷ್ಟು: 2021ರ ಜನಗಣತಿಯಲ್ಲಿ ಉತ್ತರ ಐರ್ಲೆಂಡಿನ ಕ್ಯಾಥೊಲಿಕರು ಪ್ರಾಟೆಸ್ಟೆಂಟರನ್ನು ದಾಟಿದರಲ್ಲ, ಹಾಗಾದರೆ ಎರಡು ಐರ್ಲೆಂಡ್ ಒಂದಾಗುವುದು ಖಚಿತ ತಾನೆ? ನಾನು ಕೆಲಸದ ಮೇಲೆ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ಗೆ ಬಂದು ಕೆಲವು ವರ್ಷಗಳಾದವು. ನನಗೆ ಹಾಗನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಈ ತಲೆ ಎಣಿಸುವ ಚಾಳಿ ಶುರುವಾಗಿದ್ದೇ ಗಡಿ ಎಳೆದವರಿಂದ. 1600ರ ದಶಕದ ಆರಂಭದಲ್ಲಿ ಅಲ್ಸ್ಟರ್ ಪ್ರಾಂತ್ಯದ ಜಮೀನು ಕಿತ್ತುಕೊಂಡು ಸ್ಕಾಟ್ಲೆಂಡ್, ಇಂಗ್ಲೆಂಡಿನ ಪ್ರಾಟೆಸ್ಟೆಂಟರಿಗೆ ಕೊಟ್ಟರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳೇ ಇವತ್ತಿನ ಯೂನಿಯನಿಸ್ಟರಲ್ಲಿ ಬಹುಪಾಲು, ಅಂದರೆ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು. 1912ರಲ್ಲಿ, ಬ್ರಿಟನ್ ಕೈಯಲ್ಲಿದ್ದ ಇಡೀ ಐರ್ಲೆಂಡಿಗೆ ಡಬ್ಲಿನ್‌ನಿಂದ ಸ್ವಯಮಾಡಳಿತ ಕೊಡುವ ಮಾತು ಬಂದಾಗ ಹೆಂಗಸರು ಗಂಡಸರು ಸೇರಿ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಜನ 'ನಾವು ಒಪ್ಪಲ್ಲ' ಅಂತ ಸಹಿ ಹಾಕಿದರು. ಕೊನೆಗೆ 1921ರಲ್ಲಿ ದ್ವೀಪ ಎರಡಾಯಿತು: ಉತ್ತರ ಬ್ರಿಟನ್ ಜೊತೆ ಉಳಿಯಿತು, ದಕ್ಷಿಣ ಮುಂದೆ ಡಬ್ಲಿನ್ ರಾಜಧಾನಿಯಾಗಿ ಬೇರೆ ದೇಶವಾಯಿತು. ಅಲ್ಸ್ಟರ್‌ನಲ್ಲಿ ಇದ್ದದ್ದು 9 ಕೌಂಟಿ, ಅಂದರೆ ನಮ್ಮ ಜಿಲ್ಲೆಗಳ ಹಾಗೆ. ಒಂಬತ್ತನ್ನೂ ತೆಗೆದುಕೊಂಡರೆ ಪ್ರಾಟೆಸ್ಟೆಂಟರ ಬಹುಮತ ತೀರಾ ತೆಳ್ಳಗಾಗುತ್ತಿತ್ತು. ಅದಕ್ಕೆ ಡೊನೆಗಾಲ್, ಕ್ಯಾವನ್, ಮೊನಹನ್ ಬಿಟ್ಟು 6 ಮಾತ್ರ ಇಟ್ಟುಕೊಂಡರು. ಆ ಆರರಲ್ಲೂ ಫರ್ಮನಾ ಮತ್ತು ಟಿರೋನ್‌ನಲ್ಲಿ ಕ್ಯಾಥೊಲಿಕರೇ ಜಾಸ್ತಿ ಇದ್ದರು! ಅಲ್ಲಿಯ ನ್ಯಾಷನಲಿಸ್ಟರನ್ನು, ಅಂದರೆ ಐರ್ಲೆಂಡ್ ಒಂದಾಗಬೇಕು ಅನ್ನುವವರನ್ನು (ಬಹುಪಾಲು ಕ್ಯಾಥೊಲಿಕರು), ಯಾರೂ ಕೇಳಲಿಲ್ಲ. ಮುಂದಿನ ಐವತ್ತು ವರ್ಷ ಮನೆ, ಕೆಲಸ, ಓಟು ಎಲ್ಲದರಲ್ಲೂ ಅವರಿಗೆ ತಾರತಮ್ಯ. ಆಮೇಲಿನ ಮೂವತ್ತು ವರ್ಷದ ಹಿಂಸಾಚಾರದಲ್ಲಿ ಸತ್ತವರು ಸುಮಾರು 3,500 ಜನ.

ಈಗ ನಿಮ್ಮ ಅಂಕಿಗೆ ಬರೋಣ. 2021ರಲ್ಲಿ ಕ್ಯಾಥೊಲಿಕರು ಅಥವಾ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು 45.7%, ಪ್ರಾಟೆಸ್ಟೆಂಟರು ಮತ್ತಿತರ ಕ್ರೈಸ್ತರು 43.5%. ನಿಜವೇ. ಆದರೆ ಅದೇ ಜನಗಣತಿ 'ನೀವು ಯಾರು' ಅಂತಲೂ ಕೇಳಿತ್ತು. 'ಬ್ರಿಟಿಷ್ ಮಾತ್ರ' ಅಂದವರು 31.9%, 'ಐರಿಷ್ ಮಾತ್ರ' ಅಂದವರು 29.1%. 'ನಾರ್ದರ್ನ್ ಐರಿಷ್ ಮಾತ್ರ' ಅಂದವರು 19.8%. ಈ ಮೂರನೇ ಗುಂಪನ್ನು ದೂರದಿಂದ ಬರೆಯುವವರು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಓಟಿನ ಲೆಕ್ಕ ಇನ್ನೂ ಚೆನ್ನಾಗಿದೆ ನೋಡಿ. 1998ರ ವಿಧಾನಸಭಾ ಚುನಾವಣೆಯಲ್ಲಿ ಎರಡು ದೊಡ್ಡ ನ್ಯಾಷನಲಿಸ್ಟ್ ಪಕ್ಷಗಳು, ಎಸ್‌ಡಿಎಲ್‌ಪಿ ಮತ್ತು ಶಿನ್ ಫೇನ್, ಒಟ್ಟು ಸುಮಾರು 40% ಓಟು ಪಡೆದವು. 2022ರಲ್ಲಿ ಅದೇ ಎರಡಕ್ಕೆ ಸಿಕ್ಕಿದ್ದು 38%. ಶಿನ್ ಫೇನ್ 27 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂತು, 2024ರ ಫೆಬ್ರವರಿಯಲ್ಲಿ ಆ ಪಕ್ಷದ ಮಿಶೆಲ್ ಒ'ನೀಲ್ ಫಸ್ಟ್ ಮಿನಿಸ್ಟರ್, ಅಂದರೆ ಇಲ್ಲಿಯ ಮುಖ್ಯಮಂತ್ರಿಯಂತೆ, ಆದರು, ಅದು ಚರಿತ್ರೆಯೇ ಸರಿ. ಆದರೆ ನ್ಯಾಷನಲಿಸ್ಟ್ ಓಟು ಇದ್ದಲ್ಲೇ ಇದೆ. ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಗಿದೆ ಅಷ್ಟೆ. ನಿಜವಾಗಿ ಬೆಳೆದದ್ದು ಎರಡೂ ಕಡೆ ಸೇರದ ಅಲಯನ್ಸ್ ಪಕ್ಷ: 2017ರಲ್ಲಿ 8 ಸೀಟು, 2022ರಲ್ಲಿ 17.

ಈ ಮಧ್ಯದವರು ಧ್ವಜ ನೋಡಿ ಓಟು ಹಾಕುವ ಪೈಕಿ ಅಲ್ಲ. ನನ್ನ ಜೊತೆ ಕೆಲಸ ಮಾಡುವ ಕ್ಯಾಥೊಲಿಕ್ ಮನೆಯ ಒಬ್ಬಾಕೆ ಊಟದ ಹೊತ್ತಿಗೆ ಕೇಳಿದ್ದು ಇದೇ: 'ಡಬ್ಲಿನ್ ಕಡೆ ಡಾಕ್ಟರ್ ಹತ್ತಿರ ಹೋದರೆ ಐವತ್ತು ಅರವತ್ತು ಯೂರೋ ಕೊಡಬೇಕು. ಇಲ್ಲಿ ಬಿಟ್ಟಿ. ನಾನ್ಯಾಕೆ ಬದಲಾಗಲಿ?' ಇಲ್ಲಿ ಸರದಿ ಎಷ್ಟು ಉದ್ದ ಅನ್ನುವುದು ಬೇರೆ ಮಾತು. ಆಪರೇಷನ್‌ಗೆ ವರ್ಷಗಟ್ಟಲೆ ಕಾಯುವವರಿದ್ದಾರೆ. ಅದೂ ಅಲ್ಲದೆ ಈ ಪುಟ್ಟ ಪ್ರಾಂತ್ಯ ಕಟ್ಟುವ ತೆರಿಗೆಗೂ ಮಾಡುವ ಖರ್ಚಿಗೂ ನಡುವೆ ವರ್ಷಕ್ಕೆ ಸುಮಾರು ಸಾವಿರ ಕೋಟಿ ಪೌಂಡ್ ಅಂತರವಿದೆ. ಈಗ ಅದನ್ನು ತುಂಬುವುದು ಲಂಡನ್. ನಾಳೆ ಯಾರು ತುಂಬುತ್ತಾರೆ, ಪಿಂಚಣಿ ಯಾರ ತಲೆಗೆ ಅನ್ನುವುದಕ್ಕೆ ಅರ್ಥಶಾಸ್ತ್ರಜ್ಞರೇ ಕಿತ್ತಾಡುತ್ತಾರೆ.

ಹಾಗಂತ ಎಲ್ಲ ನಿಂತಲ್ಲೇ ನಿಂತಿಲ್ಲ. ಬ್ರೆಕ್ಸಿಟ್ ಈ ವಿಷಯವನ್ನು ಚೆನ್ನಾಗಿ ಕಲಕಿತು. 2016ರಲ್ಲಿ ಇಲ್ಲಿಯ 55.8% ಜನ ಯುರೋಪ್ ಒಕ್ಕೂಟದಲ್ಲೇ ಇರೋಣ ಅಂದಿದ್ದರು, ಆದರೂ ಹೊರಗೆ ಬರಬೇಕಾಯಿತು. ಐರಿಷ್ ಪಾಸ್‌ಪೋರ್ಟ್‌ಗೆ ಯೂನಿಯನಿಸ್ಟ್ ಮನೆಗಳಿಂದಲೂ ಅರ್ಜಿ ಹೋದವು. ಇನ್ನೊಂದು ಕಡೆ, ದ್ವೀಪದ ಒಳಗೆ ಗಡಿ ಬೇಡ ಅಂತ ಬ್ರಿಟನ್ನಿನಿಂದ ಬರುವ ಸರಕಿನ ತಪಾಸಣೆಯನ್ನು ಸಮುದ್ರಕ್ಕೆ, ಅಂದರೆ ಲಾರ್ನ್, ಬೆಲ್‌ಫಾಸ್ಟ್ ಬಂದರುಗಳಿಗೆ ತಂದರು. ಸ್ಕಾಟ್ಲೆಂಡಿನ ಬಿತ್ತನೆ ಆಲೂಗಡ್ಡೆ ಕೂಡ ಇಲ್ಲಿಗೆ ಬರುವಂತಿರಲಿಲ್ಲ, 2023ರ ಹೊಸ ಒಪ್ಪಂದದ ತನಕ. 'ನಮ್ಮದೇ ದೇಶದ ಆಲೂಗಡ್ಡೆ ನಮಗೇ ಪರದೇಶಿಯಾಯ್ತಾ?' ಅಂತ ಯೂನಿಯನಿಸ್ಟ್ ರೈತನಿಗೆ ಅನ್ನಿಸಿದರೆ ತಪ್ಪೇನಲ್ಲ. ಲಂಡನ್ ಕೈಕೊಟ್ಟಿತು ಅನ್ನುವ ಸಿಟ್ಟು ಅವರಲ್ಲಿ ಇವತ್ತಿಗೂ ಆರಿಲ್ಲ. ಆದರೆ ಆ ಸಿಟ್ಟು ಅವರನ್ನು ಡಬ್ಲಿನ್ ಕಡೆಗೆ ತಳ್ಳಿಲ್ಲ, ಇನ್ನಷ್ಟು ಗಟ್ಟಿಯಾಗಿ ಕೂರಿಸಿದೆ. ಬೆಲ್‌ಫಾಸ್ಟ್‌ನಲ್ಲಿ ಯೂನಿಯನಿಸ್ಟರ ಶಾಂಕಿಲ್ ರಸ್ತೆಯ ಕಡೆ ಹೋದರೆ ಫುಟ್‌ಪಾತ್ ಅಂಚಿನ ಕಲ್ಲಿಗೂ ಬ್ರಿಟಿಷ್ ಧ್ವಜದ ಕೆಂಪು, ಬಿಳಿ, ನೀಲಿ ಬಣ್ಣ ಹೊಡೆದಿರುವುದು ಕಾಣುತ್ತದೆ. ಆಚೆ ಫಾಲ್ಸ್ ರಸ್ತೆ, ನ್ಯಾಷನಲಿಸ್ಟರದ್ದು. ನಡುವೆ ಎತ್ತರದ ಗೋಡೆ. ಅದರ ಗೇಟುಗಳನ್ನು ಈಗಲೂ ರಾತ್ರಿ ಮುಚ್ಚುತ್ತಾರೆ.

ಅದೇ ನ್ಯೂರಿ ದಾಟಿ ಡಂಡಾಕ್ ಕಡೆ ಹೋಗಿ, ದೇಶದ ಗಡಿ ಇದೆ ಅಂತಲೇ ಗೊತ್ತಾಗಲ್ಲ. ವೇಗದ ಬೋರ್ಡು ಮೈಲಿಯಿಂದ ಕಿಲೋಮೀಟರಿಗೆ ಬದಲಾಗುತ್ತದೆ, ಮೊಬೈಲಿಗೆ ಒಂದು ಮೆಸೇಜ್ ಬರುತ್ತದೆ, ಅಷ್ಟೆ. (ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಬ್ರಿಟನ್ನಿನ ಕೆಲಸದ ವೀಸಾದಲ್ಲಿರುವ ನಮ್ಮಂಥವರಿಗೆ ಮಾತ್ರ ಆಚೆ ಹೋಗಲು ಬೇರೆ ವೀಸಾ ಬೇಕು. ಬಸ್ಸಿನಲ್ಲಿ ಕೆಲವೊಮ್ಮೆ ಹತ್ತಿ ಕೇಳುತ್ತಾರೆ. ಸುಮ್ನೆ ಡೊನೆಗಾಲ್ ಬೀಚಿಗೆ ಹೋಗಿಬರೋಣ ಅಂತ ಹೊರಡಬೇಡಿ.)

ಇನ್ನು ಕಾನೂನು. ಆ ಹಿಂಸಾಚಾರ ಮುಗಿಸಲು ಮಾಡಿಕೊಂಡ 1998ರ ಗುಡ್ ಫ್ರೈಡೇ ಒಪ್ಪಂದದ ಪ್ರಕಾರ, ಒಂದಾಗಬೇಕೇ ಅಂತ ಜನಮತ ಕರೆಯುವುದು ಲಂಡನ್ನಿನ ಮಂತ್ರಿ, ಅಂದರೆ ಉತ್ತರ ಐರ್ಲೆಂಡಿನ ಸೆಕ್ರೆಟರಿ ಆಫ್ ಸ್ಟೇಟ್. ಬಹುಮತ ಒಂದಾಗುವ ಕಡೆ ಇರುವ ಸಂಭವವಿದೆ ಅಂತ ಅವರಿಗೆ ಕಂಡರೆ ಕರೆಯಲೇಬೇಕು. ಹೇಗೆ ಕಾಣಬೇಕು, ಸಮೀಕ್ಷೆಯೋ, ಚುನಾವಣೆಯೋ, ಅದನ್ನು ಎಲ್ಲೂ ಬರೆದಿಲ್ಲ! ಒಮ್ಮೆ ಸೋತರೆ ಮತ್ತೆ ಕರೆಯಲು ಕನಿಷ್ಠ 7 ವರ್ಷ ಬಿಡಬೇಕು. ಗೆಲ್ಲಲು ಅರ್ಧಕ್ಕಿಂತ ಒಂದು ಓಟು ಜಾಸ್ತಿ ಸಾಕು. ಇದೇ ದೊಡ್ಡ ಜಗಳ. ಅಷ್ಟು ಕಡಿಮೆ ಅಂತರದಲ್ಲಿ ದೇಶ ಬದಲಾಯಿಸಿದರೆ ಸೋತವರು ಸುಮ್ಮನಿರ್ತಾರಾ ಅಂತ ಯೂನಿಯನಿಸ್ಟರು ಕೇಳುತ್ತಾರೆ. ನೂರು ವರ್ಷ ನಮ್ಮನ್ನು ಇಟ್ಟುಕೊಂಡದ್ದೂ ಬರೀ ಬಹುಮತದ ಹೆಸರಲ್ಲೇ ಅಲ್ವಾ ಅಂತ ನ್ಯಾಷನಲಿಸ್ಟರು. ಈ ಒಂದು ವಿಷಯದಲ್ಲಿ ನನಗೆ ನ್ಯಾಷನಲಿಸ್ಟರ ಮಾತೇ ಸರಿ ಅನ್ನಿಸುತ್ತದೆ. ಒಪ್ಪಂದವನ್ನು ಉತ್ತರ, ದಕ್ಷಿಣ ಎರಡೂ ಕಡೆ ಜನ ಓಟು ಹಾಕಿ ಒಪ್ಪಿದ ಮೇಲೆ ನಿಯಮ ಏರಿಸುವುದು ನ್ಯಾಯವಲ್ಲ.

ದಕ್ಷಿಣದಲ್ಲೂ ಜನ ಒಪ್ಪಬೇಕು, ಅದನ್ನು ಮರೆಯಬೇಡಿ. 2022ರ ಒಂದು ದೊಡ್ಡ ಸಮೀಕ್ಷೆಯಲ್ಲಿ ದಕ್ಷಿಣದ ಮೂರನೇ ಎರಡರಷ್ಟು ಜನ ಒಂದಾಗೋಣ ಅಂದರು, ಉತ್ತರದಲ್ಲಿ 27% ಮಾತ್ರ. ಹೊಸ ಧ್ವಜ, ಹೊಸ ರಾಷ್ಟ್ರಗೀತೆ ಬೇಕಾಗಬಹುದು ಅಂದ ಕೂಡಲೇ ದಕ್ಷಿಣದ ಅರ್ಧದಷ್ಟು ಜನರ ಉತ್ಸಾಹವೂ ತಣ್ಣಗಾಯಿತು.

2030ರೊಳಗೆ ಜನಮತ ಆಗಲಿ ಅನ್ನುತ್ತಿದೆ ಶಿನ್ ಫೇನ್. ಆಗುತ್ತದೆ ಅಂತ ನನಗನ್ನಿಸುವುದಿಲ್ಲ. ಮುಂದಿನ ಜನಗಣತಿಗಾಗಿ ಕಾಯುವ ಬದಲು ಎರಡು ವಿಷಯದ ಮೇಲೆ ಕಣ್ಣಿಡಿ: ಆ 40% ಓಟು ಮೇಲೆ ಹೋಗುತ್ತದಾ, ಮತ್ತೆ ಒಂದಾದ ಮೇಲೆ ಆಸ್ಪತ್ರೆ, ಪಿಂಚಣಿ ಹೇಗೆ ಅಂತ ಡಬ್ಲಿನ್ ಸರ್ಕಾರ ಕಾಗದದ ಮೇಲೆ ಬರೆದು ಕೊಡುತ್ತದಾ.